ಯುರೋಪ್ ಒಕ್ಕೂಟ ಬಿಟ್ಟು ಬ್ರಿಟನ್ ಗಳಿಸಿದ್ದೇನು?

ಥೇಮ್ಸ್‌ದಂಡೆ
2016ರ ಜೂನ್ 23ರಂದು ಬ್ರಿಟನ್ ಜನ ಯುರೋಪ್ ಒಕ್ಕೂಟ ಬಿಡೋಣ ಅಂತ ಮತ ಹಾಕಿದರು. ಬಿಡೋಣ ಅಂದವರು ಶೇ 51.9, ಇರೋಣ ಅಂದವರು ಶೇ 48.1. ಅಧಿಕೃತವಾಗಿ ಹೊರಬಿದ್ದಿದ್ದು 2020ರ ಜನವರಿ 31ಕ್ಕೆ. ಒಕ್ಕೂಟದ ದೇಶಗಳು ಅಡೆತಡೆಯಿಲ್ಲದೆ ವ್ಯಾಪಾರ ಮಾಡುವ ಏಕ ಮಾರುಕಟ್ಟೆಯ ನಂಟು ಪೂರ್ತಿ ಕಳಚಿದ್ದು ಆ ವರ್ಷದ ಕೊನೆಗೆ. ಅವತ್ತಿಂದ ಇವತ್ತಿನವರೆಗೂ ಇಂಗ್ಲೆಂಡಿನಲ್ಲೇ ಇದ್ದೀನಿ, ನನಗೆ ಕಂಡಿದ್ದು ಬರೀ ನಷ್ಟ. ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಸುರಿಯುತ್ತಿದ್ದೇವೆ, ಅದನ್ನು ನಮ್ಮ ಆಸ್ಪತ್ರೆಗಳಿಗೆ ಕೊಡೋಣ ಅಂತ ಕೆಂಪು ಬಸ್ಸಿನ ಮೇಲೆ ಬರೆಸಿಕೊಂಡು ಊರೂರು ತಿರುಗಿದರು. ಪ್ರಧಾನಿಯಾಗಿದ್ದ ಥ್ಯಾಚರ್ ಬ್ರಿಟನ್ ಕಟ್ಟುವ ಹಣದಲ್ಲಿ 1984ರಲ್ಲಿ ಹಟ ಹಿಡಿದು ತಂದ ರಿಯಾಯಿತಿಯನ್ನೂ ಆ ಲೆಕ್ಕದಲ್ಲಿ ಕಳೆದಿರಲಿಲ್ಲ. ಅಂಕಿಅಂಶ ಪ್ರಾಧಿಕಾರದ ಅಧ್ಯಕ್ಷರೇ ಇದು ದಾರಿ ತಪ್ಪಿಸುವ ಸಂಖ್ಯೆ ಅಂದರೂ ಬಸ್ಸು ನಿಲ್ಲಲಿಲ್ಲ. ಸರ್ಕಾರದ ಹಣಕಾಸನ್ನು ಸ್ವತಂತ್ರವಾಗಿ ಅಂದಾಜು ಮಾಡುವ ಒಬಿಆರ್ ಸಂಸ್ಥೆ ಹೇಳೋದು ಇಷ್ಟು: ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ 4ರಷ್ಟು ಕಮ್ಮಿ. ಅಂಗಡಿಯಲ್ಲಿ ಹಾಲಿನ ಡಬ್ಬಿ ಎತ್ತಿಕೊಂಡರೆ ಮೇಲೆ ‘ನಾಟ್ ಫಾರ್ ಇಯು’ ಅಂತ ಅಚ್ಚಾಗಿರುತ್ತೆ. ಬ್ರಿಟನ್ನಿನಿಂದ ಅದೇ ದೇಶದ ಭಾಗವಾದ ಉತ್ತರ ಐರ್ಲೆಂಡಿಗೆ ಹೋದ ಸರಕು ಅಲ್ಲಿಂದ ಒಕ್ಕೂಟದಲ್ಲಿರುವ ಐರ್ಲೆಂಡ್ ಗಣರಾಜ್ಯಕ್ಕೆ ದಾಟಬಾರದು ಅಂತ ಮಾಡಿದ ಏರ್ಪಾಡಿನ ಗುರುತು ಅದು. ಒಂದೇ ದೇಶದೊಳಗೆ ಹಾಲಿಗೂ ಗಡಿ. ಈ ನಿರ್ಧಾರದಿಂದ ಆದ ಒಂದೇ ಒಂದು ಲಾಭ ಯಾರಾದರೂ ತೋರಿಸಿ.

ಕಾವೇರಿಸುತ
“ಒಂದೇ ಒಂದು ಲಾಭ” ಕೇಳಿದಿರಲ್ಲ ಸರ್, ತಗೊಳ್ಳಿ. ಕೋವಿಡ್ ಲಸಿಕೆ. ಫೈಜರ್ ಲಸಿಕೆಗೆ ಬ್ರಿಟನ್ 2020ರ ಡಿಸೆಂಬರ್ 2ಕ್ಕೇ ಅನುಮತಿ ಕೊಟ್ಟಿತು, 8ನೇ ತಾರೀಖು ಕವೆಂಟ್ರಿಯ ಆಸ್ಪತ್ರೆಯಲ್ಲಿ ಮೊದಲ ಚುಚ್ಚುಮದ್ದೂ ಆಯಿತು. ಯುರೋಪಿನ ಔಷಧ ಸಂಸ್ಥೆ ಒಪ್ಪಿಗೆ ಕೊಟ್ಟಿದ್ದು 21ಕ್ಕೆ. ಆಮೇಲಿನ ಜನವರಿಯಲ್ಲಿ ಬ್ರಿಟನ್ನಿನಲ್ಲಿ ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಅಂಥ ಹೊತ್ತಲ್ಲಿ ಮೂರು ವಾರ ಮುಂದಿರೋದು ಅಂದರೆ ಎಷ್ಟು ಜೀವ ಅಂತ ಯೋಚನೆ ಮಾಡಿ. ಹಾಲಿನ ಡಬ್ಬಿಯ ಮೇಲಿನ ಅಕ್ಷರಕ್ಕಿಂತ ಅದು ದೊಡ್ಡದು.

ಔಷಧಿಕಡತ
ಲಸಿಕೆಗೂ ಬ್ರೆಕ್ಸಿಟ್‌ಗೂ, ಅಂದರೆ ಒಕ್ಕೂಟ ಬಿಟ್ಟಿದ್ದಕ್ಕೂ, ಸಂಬಂಧ ಇಲ್ಲ. ನಾನು ಬೆಂಗಳೂರಿನ ಒಂದು ಔಷಧ ಕಂಪನಿಯಲ್ಲಿ ನೋಂದಣಿ ಕಡತ ತಯಾರು ಮಾಡುವವಳು, ನಮ್ಮ ಕಡತಗಳು ಲಂಡನ್ನಿಗೂ ಹೋಗುತ್ತವೆ, ಆಮ್‌ಸ್ಟರ್‌ಡ್ಯಾಮಿಗೂ ಹೋಗುತ್ತವೆ. 2020ರ ಡಿಸೆಂಬರ್ 2ರಂದು ಬ್ರಿಟನ್ ಪರಿವರ್ತನೆಯ ಅವಧಿಯಲ್ಲಿತ್ತು, ಡಿಸೆಂಬರ್ 31ರವರೆಗೆ ಯುರೋಪಿನ ಔಷಧ ಕಾನೂನೇ ಅಲ್ಲಿ ಜಾರಿಯಲ್ಲಿತ್ತು. ಅನುಮತಿ ಕೊಟ್ಟಿದ್ದು ಬ್ರಿಟನ್ನಿನ 2012ರ ಔಷಧ ನಿಯಮಾವಳಿಯ 174ನೇ ನಿಯಮದಡಿ. ತುರ್ತು ಸಂದರ್ಭದಲ್ಲಿ ಯಾವುದೇ ಸದಸ್ಯ ದೇಶ ತಾತ್ಕಾಲಿಕ ಅನುಮತಿ ಕೊಡಬಹುದು ಅಂತ ಯುರೋಪಿನ 2001ರ ನಿರ್ದೇಶನದಲ್ಲೇ ಅವಕಾಶ ಇದೆ, ಆ ನಿಯಮ ಬಂದಿದ್ದು ಅಲ್ಲಿಂದ. ಅನುಮತಿ ಕೊಟ್ಟ ಸಂಸ್ಥೆಯ ಮುಖ್ಯಸ್ಥೆ ಜೂನ್ ರೇನ್ ಅದೇ ದಿನ ಪತ್ರಕರ್ತರ ಮುಂದೆ ಇದನ್ನೇ ಹೇಳಿದರು. ಬ್ರೆಕ್ಸಿಟ್‌ನಿಂದಲೇ ಆಯಿತು ಅಂದವರು ಆಗಿನ ಆರೋಗ್ಯ ಮಂತ್ರಿ ಮ್ಯಾಟ್ ಹ್ಯಾನ್‌ಕಾಕ್. ಕಡತ ಓದಿದವರು ಯಾರು, ಮಾತಾಡಿದವರು ಯಾರು ನೋಡಿ.

ಕಾವೇರಿಸುತ
“ಯಾವುದೇ ಸದಸ್ಯ ದೇಶ ಕೊಡಬಹುದು” ಅಂದಿರಿ. ಒಳ್ಳೆಯದು ಮೇಡಂ. ಹಾಗಿದ್ದರೆ 27 ದೇಶಗಳಲ್ಲಿ ಒಂದಾದರೂ ಕೊಟ್ಟಿತಾ? ಕಾಗದದ ಮೇಲೆ ಅವಕಾಶ ಇರೋದು ಬೇರೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನೆ ಕೂರೋದು ಬೇರೆ.

ಔಷಧಿಕಡತ
“ಒಂದಾದರೂ ಕೊಟ್ಟಿತಾ” ಅಂತ ಕೇಳುವ ಮುಂಚೆ ಸ್ವಲ್ಪ ಹುಡುಕಬೇಕಿತ್ತು. 2021ರ ಜನವರಿಯಲ್ಲಿ ಹಂಗೇರಿ ಒಕ್ಕೂಟದೊಳಗೆ ಇದ್ದುಕೊಂಡೇ ರಷ್ಯಾದ ಸ್ಪುಟ್ನಿಕ್‌ಗೂ ಚೀನಾದ ಸೈನೋಫಾರ್ಮ್‌ಗೂ ಸ್ವಂತ ಅನುಮತಿ ಕೊಟ್ಟಿತು. ಒಕ್ಕೂಟ ಅದನ್ನು ತಡೆಯಲಿಲ್ಲ, ತಡೆಯಲು ಕಾನೂನೂ ಇರಲಿಲ್ಲ.

ಕಾವೇರಿಸುತ
ಹಂಗೇರಿ ರಷ್ಯಾ, ಚೀನಾದ ಬಾಗಿಲು ತಟ್ಟಿದ್ದು ಯಾಕೆ? ಒಕ್ಕೂಟದ ಆಡಳಿತ ಕೂತಿರುವ ಬ್ರಸೆಲ್ಸ್ ನಂಬಿಕೊಂಡರೆ ಜನ ಉಳಿಯಲ್ಲ ಅಂತ. ನನ್ನ ವಾದವನ್ನೇ ನೀವು ಗಟ್ಟಿ ಮಾಡಿದಿರಿ. ಖರೀದಿಯ ವಿಷಯ ಯಾಕೆ ಬಿಟ್ಟಿರಿ? ಒಕ್ಕೂಟ ಎಲ್ಲರ ಪರವಾಗಿ ಒಟ್ಟಿಗೆ ಲಸಿಕೆ ಕೊಳ್ಳಲು ಹೊರಟಿತು, ಬ್ರಿಟನ್ನನ್ನೂ ಕರೆಯಿತು, 2020ರ ಜುಲೈನಲ್ಲಿ ಬ್ರಿಟನ್ ಬರಲ್ಲ ಅಂತು. ಕೇಟ್ ಬಿಂಗಮ್ ಅವರ ಮುಂದಾಳತ್ವದ ಬ್ರಿಟನ್ನಿನ ಲಸಿಕೆ ಕಾರ್ಯಪಡೆ ತಾನೇ ಕಂಪನಿಗಳ ಜತೆ ಮಾತಾಡಿ ಬೇಗ ಬೇಗ ಒಪ್ಪಂದ ಮಾಡಿಕೊಂಡಿತು. ಒಳಗಿದ್ದಿದ್ದರೆ ಆ ಧೈರ್ಯ ಬರ್ತಿತ್ತಾ?

ಥೇಮ್ಸ್‌ದಂಡೆ
ನಾನು ವ್ಯಾಪಾರದ ಮಾತೆತ್ತಿದರೆ ನೀವಿಬ್ಬರೂ ಸಿರಿಂಜ್ ಹಿಡಿದು ಕೂತಿದ್ದೀರಿ. ಶೇ 4ಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಕಾವೇರಿಸುತ
ಸರ್, ಲಾಭ ತೋರಿಸಿ ಅಂದವರು ನೀವು. ತೋರಿಸಿದ ಮೇಲೆ ಅದು ಬೇಡ, ಬೇರೆ ತೋರಿಸಿ ಅಂದರೆ ಹೇಗೆ?

ಔಷಧಿಕಡತ
“ಆ ಧೈರ್ಯ ಬರ್ತಿತ್ತಾ” ಅನ್ನೋದಕ್ಕೆ ಪುರಾವೆ ಏನು? ಜಂಟಿ ಖರೀದಿ ಕಡ್ಡಾಯ ಆಗಿರಲಿಲ್ಲ. ನಿಮ್ಮದು ಊಹೆ. ಕಾನೂನು ಬಿಟ್ಟು ಧೈರ್ಯದ ಮಾತಿಗೆ ಇಳಿದಿರಿ ಅಂದರೆ ಕಾನೂನಿನಲ್ಲಿ ಹೇಳೋಕೆ ಏನೂ ಉಳಿದಿಲ್ಲ ಅಂತ ಅರ್ಥ. ಇನ್ನೊಂದು ಮಾತು: ಯುರೋಪಿನ ಔಷಧ ಸಂಸ್ಥೆಯ ಕಚೇರಿ ಲಂಡನ್ನಿನಲ್ಲೇ ಇತ್ತು. ಬ್ರೆಕ್ಸಿಟ್‌ ಕಾರಣಕ್ಕೆ 2019ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಹೋಯಿತು. ಈಗ ಅದೇ ಮಾತ್ರೆಗೆ ಅಲ್ಲಿಗೊಂದು ಅರ್ಜಿ, ಲಂಡನ್ನಿಗೊಂದು ಅರ್ಜಿ, ಎರಡು ಕಡೆ ಶುಲ್ಕ, ಎರಡು ಕಡೆ ಪ್ರಶ್ನೆ. ಮುಂಚೆ ಒಂದೇ ಅರ್ಜಿ ಇಡೀ ಯುರೋಪಿಗೆ ಆಗುತ್ತಿದ್ದ ಔಷಧಗಳಿಗೂ ಇದೇ ಗತಿ. ದಿನಾ ಈ ಕೆಲಸ ಮಾಡುವವಳು ಹೇಳ್ತಿದ್ದೀನಿ.

ಧಾರವಾಡಪೇಢೆ
ಲಸಿಕಿ ಮಾತ ಸಾಕ್ರಿ. ನಾ ಇಂಗ್ಲೆಂಡಿನ ಹಲ್ ಅನ್ನೂ ಬಂದರದ ಊರಾಗ ಇರತೇನಿ. ಇಲ್ಲೆ ಮೂರರಾಗ ಎರಡ ಪಾಲು ಮಂದಿ ಬಿಡೂಣು ಅಂತ ವೋಟ್ ಹಾಕ್ಯಾರ. ಬಂದರದ ಕಡೆ ಹೋಗಿ ನೋಡ್ರಿ, ಹಳೆ ಮೀನಿನ ಧಕ್ಕೆ ಖಾಲಿ ಬಿದ್ದೇತಿ. ಒಂದ ಕಾಲಕ್ಕ ಊರಿಗೆ ಊರೇ ಆ ಕೆಲಸದ ಮ್ಯಾಲೆ ಬದಕತಿತ್ತು. ಅಜ್ಜ ಹಡಗಿನ್ಯಾಗ ದುಡದಾನ, ಮೊಮ್ಮಗಗ ಕೆಲಸ ಇಲ್ಲ. ಲಂಡನ್ನಿನ ಮಂದಿ ಯಾವತ್ತೂ ಇವರನ್ನ ಕೇಳಲಿಲ್ಲ, ಕೇಳಿದ್ದು ಆ ಒಂದ ದಿನ. ಅವರು ಉತ್ತರ ಕೊಟ್ಟರು. ಅದಕ್ಕ ಈಗ ಅವರನ್ನ ದಡ್ಡರು ಅಂತೀರಿ. ಶೇಕಡಾ ನಾಕು ಹೋತು ಅಂತೀರಲ್ಲ ಸಾಹೇಬ್ರ, ಹೋದ ನಾಕು ಇವರ ಕಿಸೆದಾಗ ಯಾವಾಗ ಇತ್ತು?

ಕರಾವಳಿಗ
ಹಲ್‌ನ ಮೀನುಗಾರಿಕೆಯನ್ನು ಯುರೋಪ್ ಒಕ್ಕೂಟ ಮುಳುಗಿಸಿದ್ದಲ್ಲ ಮಾರಾಯ್ರೆ. ಅವರ ದೊಡ್ಡ ಹಡಗುಗಳು ಹೋಗ್ತಿದ್ದದ್ದು ಐಸ್‌ಲ್ಯಾಂಡಿನ ಹತ್ತಿರಕ್ಕೆ, ಕಾಡ್ ಮೀನಿಗೆ. ಐಸ್‌ಲ್ಯಾಂಡ್ 200 ಮೈಲಿ ತನ್ನದು ಅಂತ ಹೇಳಿ ಜಗಳಕ್ಕೆ ನಿಂತಿತು, 1976ರಲ್ಲಿ ಬ್ರಿಟನ್ ಸೋತು ಹಿಂದೆ ಬಂತು. ಐಸ್‌ಲ್ಯಾಂಡ್ ಒಕ್ಕೂಟದಲ್ಲಿ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಯಾರ ಮೇಲಿನ ಸಿಟ್ಟನ್ನು ಯಾರ ಮೇಲೆ ತೀರಿಸಿದ್ದು?

ಧಾರವಾಡಪೇಢೆ
“ಸಿಟ್ಟು ತೀರಿಸಿದ್ದು” ಅಂತ ಅನಬ್ಯಾಡ್ರಿ. ಹಸದವನ ಮುಂದ ಇಸವಿ ಹೇಳೂದು ಸರಿ ಅಲ್ಲ.

ಲೀಡ್ಸ್‌ಸಿಸ್ಟರ್
ನಾನು ಬಿಡೋಣ ಅಂತಲೇ ಮತ ಹಾಕಿದವಳು, ಹೇಳಿಕೊಳ್ಳಲು ನನಗೇನೂ ಸಂಕೋಚ ಇಲ್ಲ. ಆಗ ನನ್ನ ಹತ್ತಿರ ಇದ್ದಿದ್ದು ಭಾರತದ ಪಾಸ್‌ಪೋರ್ಟ್. ನಾನು ಇಲ್ಲಿಗೆ ನರ್ಸ್ ಆಗಿ ಬಂದಾಗ ಇಂಗ್ಲಿಷ್ ಪರೀಕ್ಷೆ ಕಟ್ಟಿದ್ದೆ, ವೀಸಾ ಶುಲ್ಕ ಕಟ್ಟಿದ್ದೆ, ಅಪ್ಪನ ಹತ್ತಿರ ಸಾಲ ಮಾಡಿದ್ದೆ. ಅದೇ ವಾರ್ಡಿಗೆ ಪೋಲೆಂಡಿನಿಂದ ಬಂದವಳಿಗೆ ಆಗ ಪರೀಕ್ಷೆಯೂ ಇಲ್ಲ, ವೀಸಾವೂ ಇಲ್ಲ. ಅವಳು ಕೆಟ್ಟವಳು ಅಂತಲ್ಲ, ನನ್ನ ಒಳ್ಳೆಯ ಗೆಳತಿ. ಆದರೆ ಒಂದೇ ಕೆಲಸಕ್ಕೆ ಎರಡು ಬಾಗಿಲು ಯಾಕೆ? 2021ರಿಂದ ಎಲ್ಲರಿಗೂ ಅಂಕ ನೋಡಿ ವೀಸಾ ಕೊಡುವ ಒಂದೇ ಪದ್ಧತಿ ಬಂತು. ನನಗೆ ಬೇಕಾಗಿದ್ದು ಅದೇ.

ಮೈಸೂರುಮಲ್ಲಿಗೆ
ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಬ್ರಿಟನ್ ಜನಮತದಲ್ಲಿ ಮತ? ಇದನ್ನು ನಂಬಬೇಕಾ ನಾವು?

ಲೀಡ್ಸ್‌ಸಿಸ್ಟರ್
ನಂಬದಿದ್ದರೆ ಬಿಡಿ, ಕಾನೂನು ಹಾಗೇ ಇತ್ತು. ಬ್ರಿಟನ್ನಿನಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳವರಿಗೂ ಐರ್ಲೆಂಡಿನವರಿಗೂ ಮತ ಇತ್ತು. ಒಕ್ಕೂಟದ ಉಳಿದ ದೇಶಗಳಲ್ಲಿ ಮಾಲ್ಟಾ, ಸೈಪ್ರಸ್‌ನವರಿಗೆ ಬಿಟ್ಟರೆ ಬೇರೆಯವರಿಗೆ ಇರಲಿಲ್ಲ. ನಾನು ಮತಗಟ್ಟೆಗೆ ಹೋಗಿ ಬಂದೆ, ನನ್ನ ಗೆಳತಿ ಮನೆಯಲ್ಲಿ ಟಿ.ವಿ. ಮುಂದೆ ಕೂತಿದ್ದಳು.

ಥೇಮ್ಸ್‌ದಂಡೆ
ಅಂದರೆ ಅವಳ ಬದುಕಿನ ತೀರ್ಮಾನ ನೀವು ಮಾಡಿದಿರಿ. “ಎಲ್ಲರಿಗೂ ಒಂದೇ ಬಾಗಿಲು” ಅಂತ ಖುಷಿ ಪಡ್ತಿದ್ದೀರಲ್ಲ, ಆ ಬಾಗಿಲಿನ ದರ ನೋಡಿ. ಬಹುಪಾಲು ವೀಸಾಗಳಿಗೆ ಆರೋಗ್ಯ ಶುಲ್ಕವೇ ವರ್ಷಕ್ಕೆ 1,035 ಪೌಂಡ್. ವೃದ್ಧರ ಆರೈಕೆ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ತರೋದನ್ನು 2025ರ ಜುಲೈನಲ್ಲಿ ನಿಲ್ಲಿಸಿದರು. ಪೋಲೆಂಡಿನವಳಿಗೆ ಮುಚ್ಚಿದ ಬಾಗಿಲು ಬೆಂಗಳೂರಿನವಳಿಗೆ ತೆರೆದೇ ಇರುತ್ತೆ ಅಂತ ನಂಬಿದಿರಾ?

ಲೀಡ್ಸ್‌ಸಿಸ್ಟರ್
“ಅವಳ ಬದುಕಿನ ತೀರ್ಮಾನ” ಅಂತ ನನ್ನ ತಲೆಗೆ ಕಟ್ಟಬೇಡಿ. ಅವಳು ನೆಲೆಸುವ ಹಕ್ಕು ತಗೊಂಡು ಇಲ್ಲೇ ಕೆಲಸ ಮಾಡ್ತಿದ್ದಾಳೆ. ನರ್ಸ್‌ಗಳಿಗೆ ಆ ಆರೋಗ್ಯ ಶುಲ್ಕ ಇಲ್ಲ ಅನ್ನೋದನ್ನು ಯಾಕೆ ಹೇಳಲಿಲ್ಲ ನೀವು?

ಕಾವೇರಿಸುತ
ಸಿಸ್ಟರ್ ಹೇಳಿದ್ದು ಸರಿ. ಮತ್ತೆ ಲಸಿಕೆಗೆ ಬರ್ತೀನಿ, ಮೇಡಂ ಉತ್ತರ ಕೊಡದೆ ಬಿಟ್ಟ ಒಂದು ದಿನ ಇದೆ. 2021ರ ಜನವರಿ 29. ಲಸಿಕೆ ಕಂಪನಿ ಆಸ್ಟ್ರಾಜೆನೆಕಾ ಹೇಳಿದಷ್ಟು ಡೋಸ್ ಕೊಡಲಿಲ್ಲ ಅಂತ ಯುರೋಪಿಯನ್ ಆಯೋಗ ರಫ್ತಿಗೆ ಕಡಿವಾಣ ಹಾಕಲು ಹೊರಟು, ಬ್ರೆಕ್ಸಿಟ್ ಒಪ್ಪಂದದಲ್ಲಿ ಉತ್ತರ ಐರ್ಲೆಂಡಿನ ಏರ್ಪಾಡನ್ನು ತುರ್ತಾಗಿ ಬದಿಗಿಡಲು ಬಿಡುವ 16ನೇ ವಿಧಿಯನ್ನೇ ಎಳೆದು ತಂದಿತು. ಬೆಲ್‌ಫಾಸ್ಟ್, ಡಬ್ಲಿನ್, ಲಂಡನ್ ಮೂರೂ ಕಡೆಯಿಂದ ಬೈಸಿಕೊಂಡು ಕೆಲವೇ ಗಂಟೆಯಲ್ಲಿ ಹಿಂದೆ ತಗೊಂಡಿತು. ವರ್ಷಗಟ್ಟಲೆ ಐರ್ಲೆಂಡಿನ ಶಾಂತಿ ಶಾಂತಿ ಅಂತ ಬ್ರಿಟನ್ನಿಗೆ ಪಾಠ ಹೇಳಿದವರು ಇವರು. ಅಲ್ಲಿನ 1998ರ ಶಾಂತಿ ಒಪ್ಪಂದದ ಮೇಲಿನ ಗೌರವ ಒಂದು ಸಂಜೆಯಲ್ಲಿ ಕರಗಿತು. ಥೇಮ್ಸ್‌ದಂಡೆ ಅವರ ಹಾಲಿನ ಡಬ್ಬಿಗೂ ಇದೇ ಉತ್ತರ.

ಔಷಧಿಕಡತ
ಜನವರಿ 29ರದ್ದು ಮೂರ್ಖತನ, ಅದನ್ನು ಯಾರೂ ಸಮರ್ಥಿಸಲ್ಲ. ಆದರೆ ಡಿಸೆಂಬರ್ 2ಕ್ಕೂ ಅದಕ್ಕೂ ಏನು ಸಂಬಂಧ? ನಾನು ಕೇಳಿದ್ದು 174ನೇ ನಿಯಮ. ಮೂರು ಸಲ ಬರೆದಿರಿ, ಒಂದು ಸಲವೂ ಆ ಸಂಖ್ಯೆ ಮುಟ್ಟಲಿಲ್ಲ.

ಕಾವೇರಿಸುತ
“ಮೂರ್ಖತನ” ಅಂತ ನೀವೇ ಒಪ್ಪಿದಿರಿ. ಸಾಕು ನನಗೆ.

ಔಷಧಿಕಡತ
ಒಪ್ಪಿದ್ದು ಒಂದು, ನೀವು ಹಿಡಿದುಕೊಂಡಿದ್ದು ಇನ್ನೊಂದು! ಬ್ರಿಟನ್ನಿನ ಔದಾರ್ಯ ನಮಗೆ ಗೊತ್ತಿಲ್ಲವಾ? ಪುಣೆಯಲ್ಲಿ ತಯಾರಾದ ಕೋವಿಶೀಲ್ಡ್ 50 ಲಕ್ಷ ಡೋಸ್ ತರಿಸಿಕೊಂಡು ತನ್ನ ಜನಕ್ಕೆ ಹಾಕಿಸಿದ ದೇಶ, ಅದೇ ಕೋವಿಶೀಲ್ಡ್ ಹಾಕಿಸಿಕೊಂಡು ಹೋದ ಭಾರತೀಯರಿಗೆ 2021ರ ಅಕ್ಟೋಬರ್ 4ರಿಂದ ಹತ್ತು ದಿನ ಕ್ವಾರಂಟೈನ್ ಅಂತ ಹೇಳಿತು. ನಮ್ಮ ಸರ್ಕಾರ ಅವರ ದೇಶದವರಿಗೂ ಅದೇ ನಿಯಮ ಹಾಕಿದ ಮೇಲೆ ಅಕ್ಟೋಬರ್ 11ರಿಂದ ಸಡಿಲ ಮಾಡಿದರು. ಸ್ವತಂತ್ರ ಬ್ರಿಟನ್ ಅಂತ ಕೊಂಡಾಡುವಾಗ ಇದನ್ನೂ ಸೇರಿಸಿಕೊಳ್ಳಿ.

ಕಾವೇರಿಸುತ
ಯುರೋಪಿನ ಪ್ರಯಾಣ ಪ್ರಮಾಣಪತ್ರದಲ್ಲೂ ಕೋವಿಶೀಲ್ಡ್ ಹೆಸರು ಇರಲಿಲ್ಲ, ಒಂದೊಂದೇ ದೇಶ ತಾನಾಗಿ ಒಪ್ಪಿಕೊಳ್ಳಬೇಕಾಯಿತು. ಅದನ್ನು ಯಾಕೆ ಮುಚ್ಚಿಟ್ಟಿರಿ?

ಮೈಸೂರುಮಲ್ಲಿಗೆ
ನಮ್ಮ ಅಣ್ಣನ ಮಗ ಆಗ ಓದೋಕೆ ಹೊರಟಿದ್ದ, ಟಿಕೆಟ್ ಎರಡು ಸಲ ಬದಲಾಯಿಸಿದೆವು. ಯಾರು ಒಳ್ಳೆಯವರು ಅಂತ ನೀವು ಕಿತ್ತಾಡಿ, ದುಡ್ಡು ಹೋಗಿದ್ದು ನಮ್ಮದು.

ಥೇಮ್ಸ್‌ದಂಡೆ
ಇನ್ನಾದರೂ ವ್ಯಾಪಾರಕ್ಕೆ ಬನ್ನಿ. ಒಕ್ಕೂಟ ಬಿಟ್ಟರೆ ಜಗತ್ತಿನ ಜತೆ ಸ್ವಂತ ಒಪ್ಪಂದ ಮಾಡಿಕೊಳ್ಳಬಹುದು ಅಂದರು. ದೊಡ್ಡದಾಗಿ ತೋರಿಸುವುದು ನಮ್ಮ ಭಾರತದ ಜತೆ 2025ರ ಜುಲೈ 24ಕ್ಕೆ ಸಹಿ ಹಾಕಿದ ಒಪ್ಪಂದ. ಅದರಿಂದ ಬ್ರಿಟನ್ ಜಿಡಿಪಿ ದೀರ್ಘಾವಧಿಯಲ್ಲಿ ಶೇ 0.13ರಷ್ಟು ಹೆಚ್ಚಬಹುದು ಅಂತ ಅವರ ಸರ್ಕಾರದ್ದೇ ಅಂದಾಜು. ಕಳಕೊಂಡಿದ್ದು 4, ಬಂದಿದ್ದು 0.13.

ಕಾವೇರಿಸುತ
“ಅಂದಾಜು” ಅನ್ನೋ ಪದ ನೀವೇ ಬರೆದಿದ್ದೀರಿ. ಸ್ಕಾಚ್ ವಿಸ್ಕಿಯ ಮೇಲೆ ಭಾರತದಲ್ಲಿ ಇದ್ದ ಶೇ 150 ಸುಂಕ ಮೊದಲು 75, ಹತ್ತು ವರ್ಷದಲ್ಲಿ 40ಕ್ಕೆ ಇಳಿಯುತ್ತೆ. ಅದು ಅಂದಾಜಲ್ಲ, ಸಹಿ ಬಿದ್ದ ಕಾಗದ. ಯುರೋಪ್ ಒಕ್ಕೂಟ ನಮ್ಮ ಜತೆ ಮಾತುಕತೆ ಶುರು ಮಾಡಿದ್ದು 2007ರಲ್ಲಿ. 2013ಕ್ಕೆ ನಿಂತುಹೋಯಿತು, ಮತ್ತೆ ಕೂತಿದ್ದು 2022ಕ್ಕೆ. ಕೂಡು ಕುಟುಂಬದಲ್ಲಿ ಒಂದು ಎಮ್ಮೆ ಕೊಳ್ಳೋಕೂ ಇಪ್ಪತ್ತೇಳು ಜನರ ಒಪ್ಪಿಗೆ ಬೇಕು. ಬೇರೆ ಮನೆ ಮಾಡಿದವನು ತನ್ನ ಕೈಯಲ್ಲಿದ್ದಷ್ಟರಲ್ಲಿ ವ್ಯವಹಾರ ಮುಗಿಸಿಕೊಂಡು ಬರ್ತಾನೆ.

ಕರಾವಳಿಗ
ಬೇರೆ ಮನೆ ಮಾಡಿದ ಮೇಲೆ ಮೀನು ಮಾರುವವರ ಪಾಡು ಏನಾಯ್ತು ನಾನು ಹೇಳ್ತೇನೆ. ನಮ್ಮ ಕುಟುಂಬದ್ದು ಮಂಗಳೂರಿಂದ ಬೊಂಡಾಸ (ಸ್ಕ್ವಿಡ್) ರಫ್ತು. ಸ್ಪೇನಿಗೆ ಒಂದು ಕಂಟೇನರ್ ಹೋಗಬೇಕಾದ್ರೆ ಆರೋಗ್ಯ ಪ್ರಮಾಣಪತ್ರ ಬೇಕು, ಯಾವ ಬೋಟಿನಲ್ಲಿ ಹಿಡಿದದ್ದು ಅಂತ ಹಿಡುವಳಿ ಪ್ರಮಾಣಪತ್ರ ಬೇಕು, ಒಂದು ಅಂಕೆ ತಪ್ಪಿದ್ರೆ ಮಾಲು ಬಂದರಿನಲ್ಲೇ ಬಾಕಿ. ನಮಗೆ ಅದು ಮಾಮೂಲಿ. ಸ್ಕಾಟ್ಲೆಂಡಿನವರಿಗೆ ಇದ್ಯಾವುದೂ ಇರಲಿಲ್ಲ, ರಾತ್ರಿ ಲಾರಿ ಹತ್ತಿಸಿದ್ರೆ ಸೀದಾ ಫ್ರಾನ್ಸಿನ ಮಾರುಕಟ್ಟೆ. 2021ರ ಜನವರಿಯಿಂದ ಅವರಿಗೂ ಈ ಕಾಗದ ಎಲ್ಲ ಶುರುವಾಯ್ತು. ಮೀನು ಕಾಯುದಿಲ್ಲ. ಆ ತಿಂಗಳೇ ಲಾರಿಗಳನ್ನು ಲಂಡನ್ನಿಗೆ ತಂದು ಸಂಸತ್ತಿನ ಹತ್ತಿರ ನಿಲ್ಲಿಸಿ ಪ್ರತಿಭಟನೆ ಮಾಡಿದ್ರು. ಅಷ್ಟೇನೂ ಶುದ್ಧ ಅಲ್ಲದ ನೀರಿನ ಮರುವಾಯಿ, ಸಿಂಪಿಯಂಥ ಚಿಪ್ಪುಮೀನುಗಳನ್ನು ಮುಂಚೆ ಜೀವಂತ ಕಳಿಸಿದ್ರೆ ಅಲ್ಲಿನವರೇ ತೊಳೆದು ಮಾರ್ತಿದ್ರು. ಹೊರದೇಶ ಆದ ಕೂಡಲೇ ಅದಕ್ಕೆ ಪ್ರವೇಶವೇ ಇಲ್ಲ. ಸ್ಕಾಟ್ಲೆಂಡ್ ಶೇ 62 ಇರೋಣ ಅಂತ ಹೇಳಿತ್ತು, ಅದನ್ನೂ ನೆನಪಿಟ್ಟುಕೊಳ್ಳಿ.

ಧಾರವಾಡಪೇಢೆ
“ನಮಗೆ ಅದು ಮಾಮೂಲಿ” ಅಂದ್ರಲ್ಲ, ನಿಮಗ ಮಾಮೂಲಿ ಆದದ್ದು ಸ್ಕಾಟ್ಲೆಂಡಿನವ್ರಿಗೆ ಯಾಕ ಆಗಬಾರದು? ಬಡ ದೇಶದವ್ರು ಕಾಗದ ತುಂಬಬೇಕು, ಶ್ರೀಮಂತ ದೇಶದವ್ರು ತುಂಬಬಾರದು, ಹಂಗೇನ್ರಿ? ಈ ನಿಯಮ ಎಲ್ಲಾ ಮಾಡಿದಾವ್ರು ಬ್ರಸೆಲ್ಸಿನವ್ರೇ. ಅವರನ್ನ ಹೊಗಳಾಕ ನಿಂತೀರಿ ನೀವು.

ಕರಾವಳಿಗ
ನಾನು ಯಾರನ್ನೂ ಹೊಗಳಲಿಲ್ಲ. ನಮ್ಮ ನೀರು ನಮ್ಮ ಮೀನು ಅಂತ ಹೇಳಿ ಮತ ತಗೊಂಡ್ರು. 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಕೂತು, ಯುರೋಪಿನ ಬೋಟುಗಳು 2038ರವರೆಗೆ ಬ್ರಿಟನ್ ನೀರಿಗೆ ಬರಬಹುದು ಅಂತ ಒಪ್ಪಿಕೊಂಡ್ರು. ಬದಲಿಗೆ ಕೇಳಿದ್ದು ಎಂತ? ಇದೇ ಪ್ರಮಾಣಪತ್ರಗಳ ತಾಪತ್ರಯ ಕಡಿಮೆ ಮಾಡಿ ಅಂತ.

ಕಾವೇರಿಸುತ
ಒಪ್ಪಿಕೊಂಡಿದ್ದು ಲೇಬರ್ ಪಕ್ಷದ ಸ್ಟಾರ್ಮರ್ ಸರ್ಕಾರ. ಬ್ರೆಕ್ಸಿಟ್ ಕೊಟ್ಟಿದ್ದನ್ನು ಅವರು ಬಿಟ್ಟುಕೊಟ್ಟರೆ ತಪ್ಪು ಬ್ರೆಕ್ಸಿಟ್‌ದಾ?

ಕರಾವಳಿಗ
2020ರಲ್ಲಿ ಐದೂವರೆ ವರ್ಷದಲ್ಲಿ ಬ್ರಿಟನ್ ನೀರಿನಲ್ಲಿ ಯುರೋಪಿನವರು ಹಿಡಿಯುವ ಮೀನಿನ ಪಾಲಿನಿಂದ ಬರೀ ಕಾಲು ಭಾಗ ಬಿಡಿಸಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದ್ದು ಆಗಿನ ಪ್ರಧಾನಿ ಬೋರಿಸ್ ಜಾನ್ಸನ್. ಮೀನುಗಾರರ ಸಂಘಗಳು ಅವತ್ತೇ ಮೋಸ ಆಯ್ತು ಅಂತ ಹೇಳಿದ್ವು. ಸ್ಟಾರ್ಮರ್ ಆಗ ವಿರೋಧ ಪಕ್ಷದಲ್ಲಿದ್ದದ್ದು.

ಕಾವೇರಿಸುತ
ಕಾಲು ಭಾಗ ಅಂದರೂ ಬಂತಲ್ಲ. ಒಕ್ಕೂಟದಲ್ಲಿ ಇದ್ದಿದ್ದರೆ ಅದೂ ಇಲ್ಲ. ಥೇಮ್ಸ್‌ದಂಡೆ ಸರ್, ಎರಡನೇ ಲಾಭ ಬರೆದುಕೊಳ್ಳಿ.

ಥೇಮ್ಸ್‌ದಂಡೆ
ಬರೆದುಕೊಳ್ಳಲ್ಲ. ಹಿಡಿದ ಮೀನನ್ನು ಮಾರುವುದಕ್ಕೆ ಅದೇ ಯುರೋಪಿನ ಬಾಗಿಲಿಗೆ ಹೋಗಬೇಕು. ಮಾರುಕಟ್ಟೆ ಇಲ್ಲದ ಮೀನಿನ ಪಾಲು ತಗೊಂಡು ಏನು ಮಾಡ್ತೀರಿ? ಶೇ 4ಕ್ಕೆ ಉತ್ತರ ಕೊಡಿ.

ಔಷಧಿಕಡತ
174ಕ್ಕೂ.