ಸಹಾಯ ಬೇಕು: ಚಾಕಣ್, ತಳೆಗಾಂವ್ ಕಡೆಯ ಕಾರು ಕಂಪನಿಗಳಲ್ಲಿ ಕೆಲಸ ಮಾಡಿದವರು ಇದ್ದೀರಾ?

ಪುಣೆಯ ಕನ್ನಡ ಬಳಗಕ್ಕೆ ನಮಸ್ಕಾರ. ನನ್ನ ತಂಗಿ ಎಂಬಿಎ ಓದುತ್ತಿದ್ದಾಳೆ. ವಿದೇಶಿ ಕಂಪನಿಗಳು ಭಾರತಕ್ಕೆ ಬಂದು ಬೇರೂರುವ ಬಗೆ ಅವಳ ಪ್ರಾಜೆಕ್ಟಿನ ವಿಷಯ. ಪುಸ್ತಕದ ಮಾತು ಸಾಕಷ್ಟಿದೆ. ಒಳಗಿದ್ದು ಕಂಡವರ ಮಾತು ಬೇಕಾಗಿದೆ.

ಮರ್ಸಿಡಿಸ್ 1994ರಲ್ಲಿ ಇಲ್ಲಿಗೆ ಬಂದದ್ದು ಟೆಲ್ಕೊ (ಮುಂದೆ ಟಾಟಾ ಮೋಟರ್ಸ್ ಆದ ಕಂಪನಿ) ಜೊತೆಗಿನ ಜಂಟಿ ಉದ್ಯಮವಾಗಿ. ಮುಂದೆ ಪೂರ್ತಿ ಜರ್ಮನ್ ಒಡೆತನಕ್ಕೆ ಹೋಯಿತು. ಫೋಕ್ಸ್‌ವ್ಯಾಗನ್ 2009ರಲ್ಲಿ ಚಾಕಣ್‌ನಲ್ಲಿ ತನ್ನದೇ ಕಾರ್ಖಾನೆ ತೆರೆಯಿತು. ಜನರಲ್ ಮೋಟರ್ಸ್ 2017ರಲ್ಲಿ ಇಲ್ಲಿ ಮಾರಾಟವನ್ನೇ ನಿಲ್ಲಿಸಿತು, ಕೆಲವು ವರ್ಷಗಳ ನಂತರ ಅದರ ತಳೆಗಾಂವ್ ಘಟಕವನ್ನು ಹ್ಯುಂಡೈ ಕೊಂಡಿತು. ಅಷ್ಟು ದೊಡ್ಡ ಕಂಪನಿ ಏಕೆ ಸೋತಿತು ಎಂಬುದೇ ನನಗೆ ಹೆಚ್ಚು ಕುತೂಹಲ. ಗೆದ್ದವರ ಕಥೆಯನ್ನು ಎಲ್ಲರೂ ಹೇಳುತ್ತಾರೆ!

ಎದುರು ದಿಕ್ಕಿನದೂ ಬೇಕು: 2008ರಲ್ಲಿ ಟಾಟಾ ಮೋಟರ್ಸ್ ಫೋರ್ಡ್‌ನಿಂದ ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡಿತಲ್ಲ, ಅಂಥದ್ದು.

ಬಿಡಿಭಾಗ ಖರೀದಿ, ಗುಣಮಟ್ಟ ಅಥವಾ ಡೀಲರ್ ವಿಭಾಗದಲ್ಲಿ ಇದ್ದವರು ಅರ್ಧ ಗಂಟೆ ಮಾತನಾಡಿದರೆ ಸಾಕು. ಆಮದು ಭಾಗಗಳ ಬದಲು ಸ್ಥಳೀಯ ಪೂರೈಕೆದಾರರನ್ನು ಹೇಗೆ ಹುಡುಕಿದರು, ಬೆಲೆ ಇಳಿಸಲು ಏನನ್ನು ಕೈಬಿಟ್ಟರು, ನಿರ್ಧಾರ ಇಲ್ಲಿಯದೋ ಮೂಲ ಕಚೇರಿಯದೋ, ಇಷ್ಟೇ ಪ್ರಶ್ನೆಗಳು. ಕಂಪನಿಯ ಗುಟ್ಟು ಬೇಡ, ವರದಿಯಲ್ಲಿ ಹೆಸರೂ ಬರುವುದಿಲ್ಲ. ನಿವೃತ್ತರಾದರೆ ಇನ್ನೂ ಒಳ್ಳೆಯದು, ಅವರಿಗೆ ಮೇಲಧಿಕಾರಿಯ ಭಯವಿರುವುದಿಲ್ಲ. ಭಾನುವಾರ ನಿಗಡಿ, ಚಿಂಚವಾಡದ ಕಡೆ ನಾವೇ ಬರುತ್ತೇವೆ. ಫೋನ್ ಆದರೂ ಸರಿ. ದಯವಿಟ್ಟು ಇಲ್ಲೇ ಉತ್ತರಿಸಿ.