ಸಹಾಯ ಬೇಕು: ರೆಡಿಂಗ್ ಕಡೆ ಮನೆ, ಜೊತೆಗೆ ಆ್ಯಪಲ್ ಕ್ರಂಬಲ್

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ರೆಡಿಂಗ್ ಪಕ್ಕದ ಲೋವರ್ ಅರ್ಲಿ, ವುಡ್ಲಿ ಕಡೆ ಇರುವವರು ದಯವಿಟ್ಟು ಸ್ವಲ್ಪ ಹೇಳಿ. ಮೂರು ಬೆಡ್‌ರೂಮಿನ ಫ್ರೀಹೋಲ್ಡ್ (ಜಾಗವೂ ನಮ್ಮದೇ ಆಗುವ) ಮನೆ ಕೊಳ್ಳಬೇಕು ಅಂತ ಹುಡುಕುತ್ತಿದ್ದೇವೆ. ಅತ್ತೆ, ಮಾವ ಮೈಸೂರಿನಿಂದ ಬಂದು ತಿಂಗಳುಗಟ್ಟಲೆ ಇರುತ್ತಾರೆ. ಅತ್ತೆಗೆ ಮಂಡಿನೋವು, ಹಾಗಾಗಿ ಕೆಳಗೊಂದು ಟಾಯ್ಲೆಟ್ ಇರಲೇಬೇಕು. ಮೊನ್ನೆ ನೋಡಿದ ಮನೆಗೆ ಹೊಸ ಬಣ್ಣ ಹೊಡೆದಿದ್ದರು. ಪರದೆ ಸರಿಸಿದರೆ ಕಿಟಕಿ ಮೂಲೆಯಲ್ಲಿ ಕಪ್ಪಗೆ ಬೂಷ್ಟು! ಡ್ಯಾಂಪ್ (ಗೋಡೆಯ ತೇವ) ಚೆನ್ನಾಗಿ ನೋಡುವ ಸರ್ವೇಯರ್ (ಕೊಳ್ಳುವ ಮುಂಚೆ ಮನೆ ಪರೀಕ್ಷಿಸುವವರು) ಗೊತ್ತಿದ್ದರೆ ತಿಳಿಸಿ. ಶಾಲೆಯ ಕ್ಯಾಚ್‌ಮೆಂಟ್ (ಯಾವ ಪ್ರದೇಶದ ಮಕ್ಕಳಿಗೆ ಆದ್ಯತೆ) ಬಗ್ಗೆಯೂ ಹೇಳಿ, ಮಗಳು ಮುಂದಿನ ವರ್ಷ ರಿಸೆಪ್ಷನ್‌ಗೆ (ಇಲ್ಲಿನ ಶಾಲೆಯ ಮೊದಲ ವರ್ಷ) ಹೋಗುತ್ತಾಳೆ.

ಇನ್ನೊಂದು ಅಡುಗೆಮನೆ ವಿಷಯ. ಈಗಿನ ಬಾಡಿಗೆ ಮನೆಯ ಹಿತ್ತಲಲ್ಲಿ ಬ್ರ್ಯಾಮ್ಲಿ ಸೇಬಿನ ಮರ ಇದೆ. ಹಣ್ಣು ತುಂಬಾ ಹುಳಿ, ಬೆಂದರೆ ಕರಗಿ ಗೊಜ್ಜಾಗುತ್ತದೆ. ಕ್ರಂಬಲ್‌ಗೆ (ಸೇಬಿನ ಮೇಲೆ ಹಿಟ್ಟಿನ ಪುಡಿ ಉದುರಿಸಿ ಓವನ್‌ನಲ್ಲಿ ಬೇಯಿಸುವ ಸಿಹಿ) ಮೈದಾ 200 ಗ್ರಾಂ, ಬೆಣ್ಣೆ 100, ಸಕ್ಕರೆ 100 ಹಾಕಿ 180 ಡಿಗ್ರಿಯಲ್ಲಿ ಬೇಯಿಸುತ್ತೇನೆ. ಮೇಲೆ ಗರಿಗರಿ, ಅಡಿಯಲ್ಲಿ ಮಾತ್ರ ಹಸಿ ಹಿಟ್ಟು. ಸೇಬನ್ನು ಮೊದಲೇ ಬೇಯಿಸಿ ನೀರು ಬಸಿಯಬೇಕಾ? ಕಾಕ್ಸ್ ಥರದ ಸಿಹಿ ಸೇಬು ಬೆರೆಸಿದರೆ ಗಟ್ಟಿ ನಿಲ್ಲುತ್ತಾ? ಅತ್ತೆ ಮೊಟ್ಟೆ ತಿನ್ನುವುದಿಲ್ಲ. ಕ್ರಂಬಲ್ ಮೇಲೆ ಸುರಿಯುವ ಕಸ್ಟರ್ಡ್‌ಗೆ ಬರ್ಡ್ಸ್ ಕಸ್ಟರ್ಡ್ ಪುಡಿ 1837ರಿಂದಲೂ ಮೊಟ್ಟೆ ಇಲ್ಲದ್ದೇ, ಅದು ದೊಡ್ಡ ಅನುಕೂಲ. ಏಲಕ್ಕಿ ಹಾಕಿ ಬಿಸಿಬಿಸಿ ಕೊಟ್ಟರೆ ಅವರಿಗೆ ಬಹಳ ಇಷ್ಟ.

ಅವರು ಬರುವುದು ಅಕ್ಟೋಬರ್‌ನಲ್ಲಿ. ಮನೆ ಬಗ್ಗೆ ಗೊತ್ತಿರುವವರು ಮೆಸೇಜ್ ಮಾಡಿ, ಕ್ರಂಬಲ್ ವಿಷಯ ಇಲ್ಲೇ ಬರೆಯಿರಿ.