ಬೆರಕೆ ಸೊಪ್ಪಿನ ಮಸ್ಸೊಪ್ಪು ಕಹಿ ಆಗ್ತಿದೆ, ಲೋಳೆನೂ ಬರ್ತಿದೆ. ಯಾರಾದರೂ ಹೇಳಿಕೊಡಿ

ಮಾಲೂರು ಸೊಸೆ:
ನಮಸ್ಕಾರ. ನಾನು ಮಲೆನಾಡಿನವಳು, ಮದುವೆಯಾಗಿ ಮಾಲೂರು ಕಡೆಗೆ ಬಂದೆ. ನಮ್ಮತ್ತೆ ಮಳೆ ಬಿದ್ದ ಮೇಲೆ ರಾಗಿ ಹೊಲಕ್ಕೆ ಕಳೆ ಕೀಳಲು ಹೋದರೆ, ಬರುವಾಗ ಮಡಿಲು ತುಂಬ ಸೊಪ್ಪು ತರುತ್ತಿದ್ದರು. ಆ ಮಸ್ಸೊಪ್ಪು, ಬಿಸಿ ಮುದ್ದೆ ಇದ್ದ ದಿನ ಇನ್ನೇನೂ ಬೇಕಿರಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ಯಾವ ಸೊಪ್ಪು ಎಷ್ಟು ಅಂತ ನಾನು ಕೇಳಿಯೇ ಇರಲಿಲ್ಲ. ಈ ವಾರ ಸಂತೆಯಲ್ಲಿ ಒಂದು ಗುಡ್ಡೆ ಬೆರಕೆ ಸೊಪ್ಪು ತಂದು, ಬೇಳೆ ಜೊತೆ ಕುಕ್ಕರಿನಲ್ಲಿ ನಾಲ್ಕು ಸಲ ಕೂಗಿಸಿ ಮಿಕ್ಸಿಗೆ ಹಾಕಿದೆ. ಕಹಿ, ಮೇಲೆ ಲೋಳೆ. ನಮ್ಮ ಮನೆಯವರು ಏನೂ ಅನ್ನದೆ ಉಂಡರು, ಆದರೆ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಮುಳಬಾಗಿಲು ಅಕ್ಕ:
ಮೊದಲು ಮಿಕ್ಸಿ ಬಿಟ್ಟುಬಿಡಮ್ಮ. ಮಸೆದರೆ ತಾನೇ ಮಸ್ಸೊಪ್ಪು. ಮಿಕ್ಸಿಯಲ್ಲಿ ಸೊಪ್ಪು ನುಣ್ಣಗಾಗಿ ಅಂಟಂಟಾಗುತ್ತೆ, ಕಹಿಯೂ ಎದ್ದು ಬರುತ್ತೆ. ಕಡೆಗೋಲಿನಲ್ಲಿ ಮಸೆದರೆ ಅಲ್ಲಲ್ಲಿ ಎಲೆ, ಬೇಳೆ ಉಳಿಯುತ್ತೆ, ಹಾಗೇ ಇರಬೇಕು.

ಇನ್ನು ಬೆರಕೆ ಅಂದರೆ ಸಿಕ್ಕಿದ್ದೆಲ್ಲ ಸಮ ಸಮ ಅಲ್ಲ. ದಂಟು, ಅಣ್ಣೆ ಸೊಪ್ಪು ಸಪ್ಪಗಿರುತ್ತೆ, ಅದೇ ಜಾಸ್ತಿ ಇರಲಿ, ನಾಲ್ಕು ಹಿಡಿ. ಹೊನಗೊನ್ನೆ ಒಂದು ಹಿಡಿ. ಗಣಿಕೆ ಕಹಿ, ಅರ್ಧ ಹಿಡಿ ಸಾಕು. ನಿಮಗೆ ಲೋಳೆ ಬಂದಿದ್ದು ಗೋಣಿ ಸೊಪ್ಪಿನಿಂದ ಇರಬೇಕು. ದಪ್ಪ ಎಲೆ, ಕೆಂಪು ಕಾಂಡ, ನೆಲಕ್ಕೆ ಹರಡಿಕೊಂಡಿರುತ್ತೆ ನೋಡಿ. ಅದರ ಹುಳಿ ಚೆನ್ನಾಗಿರುತ್ತೆ, ಆದರೆ ನಾಲ್ಕು ಕುಡಿ ದಾಟಬಾರದು.

ತೊಗರಿಬೇಳೆ ಮುಕ್ಕಾಲು ಬೆಂದ ಮೇಲೆ ಸೊಪ್ಪು, ಹಸಿಮೆಣಸಿನಕಾಯಿ, ಟೊಮೆಟೊ ಹಾಕಿ ತೆರೆದ ಪಾತ್ರೆಯಲ್ಲೇ ಬೇಯಿಸಿ. ಬೆಂದ ನೀರು, ಅಂದರೆ ಕಟ್ಟು, ಬೇರೆ ಬಗ್ಗಿಸಿಟ್ಟು, ಮಸೆದ ಮೇಲೆ ಬೇಕಾದಷ್ಟು ಸೇರಿಸಿಕೊಳ್ಳಿ. ಸ್ವಲ್ಪ ಹುಣಸೆಹುಳಿ. ಒಗ್ಗರಣೆಗೆ ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗುವವರೆಗೂ ಬಿಡಿ, ಆ ವಾಸನೆ ಬೀದಿಗೆ ಹೋಗಬೇಕು.

ಶಿರಾದಿಂದ:
ಅಕ್ಕ ಹೇಳಿದ್ದು ಸರಿ. ಒಂದು ಮಾತು ಸೇರಿಸ್ತೀನಿ. ಗಣಿಕೆಯಲ್ಲಿ ಹಸಿರು ಕಾಯಿ ಇದ್ದರೆ ಒಂದೂ ಬಿಡದೆ ಕಿತ್ತು ಎಸೆಯಿರಿ, ಅದು ಹೊಟ್ಟೆಗೆ ಒಳ್ಳೇದಲ್ಲ. ಕಪ್ಪಗೆ ಹಣ್ಣಾದದ್ದನ್ನು ನಾವು ಚಿಕ್ಕವರಿದ್ದಾಗ ಹೊಲದಲ್ಲೇ ತಿನ್ನುತ್ತಿದ್ದೆವು.

ಚಿಂತಾಮಣಿ ಹೊಲದವನು:
ನಮ್ಮ ಕಡೆ ಸಂತೆಯಲ್ಲಿ ತೆಲುಗು ಹೆಸರೇ ಜಾಸ್ತಿ. ಪೊನ್ನಗಂಟಿ ಅಂದರೆ ಹೊನಗೊನ್ನೆ, ಕಾಮಂಚಿ ಅಂದರೆ ಗಣಿಕೆ. ಗುಡ್ಡೆ ಎತ್ತಿಕೊಂಡು ಬರಬೇಡಿ, ಅಲ್ಲೇ ಬಿಡಿಸಿ ಒಂದೊಂದರ ಹೆಸರು ಕೇಳಿ. ಮಾರುವ ಅಜ್ಜಿಯರು ಬೇಜಾರಿಲ್ಲದೆ ಹೇಳ್ತಾರೆ. ಎಲ್ಲಿ ಕಿತ್ತಿದ್ದು ಅಂತಲೂ ಕೇಳಿ. ಹೊನಗೊನ್ನೆ ನೀರಿನ ದಡದಲ್ಲಿ ಬೆಳೆಯೋದು, ಚರಂಡಿ ಪಕ್ಕದ್ದಾದರೆ ಬೇಡವೇ ಬೇಡ. ಕಳೆನಾಶಕ ಹೊಡೆದ ಹೊಲದ್ದೂ ಬೇಡ. ನಮ್ಮ ಸುತ್ತ ಈಗ ಕೈಯಲ್ಲಿ ಕಳೆ ಕೀಳುವವರು ಕಡಿಮೆ, ಅದಕ್ಕೇ ಅಣ್ಣೆ ಸೊಪ್ಪು ಹುಡುಕಬೇಕಾಗಿದೆ. ನಾನು ಬದುವಿನಲ್ಲಿ ಎರಡು ಸಾಲು ಕೀಳದೆ ಬಿಟ್ಟಿದ್ದೇನೆ, ಬೀಜ ಉದುರಿ ಮುಂದಿನ ಮಳೆಗೆ ತಾನೇ ಹುಟ್ಟಲಿ ಅಂತ.

ಮಾಲೂರು ಸೊಸೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಅಕ್ಕ ಹೇಳಿದ ಅಳತೆಯಲ್ಲೇ ಮಾಡಿದೆ. ಅತ್ತೆಯ ಕಡೆಗೋಲು ಅಟ್ಟದ ಮೇಲಿತ್ತು, ತೊಳೆದು ತಗೊಂಡೆ. ಕಹಿ ಇಲ್ಲ, ಲೋಳೆ ಇಲ್ಲ. ಹುಳಿ ಮಾತ್ರ ಅವರದಕ್ಕಿಂತ ಸ್ವಲ್ಪ ಕಡಿಮೆ ಅಂದರು ಮನೆಯವರು, ಅನ್ನುತ್ತಲೇ ಇನ್ನೊಂದು ಮುದ್ದೆ ಹಾಕಿಸಿಕೊಂಡರು. ನಾಳಿದ್ದು ಗೋಣಿ ಸೊಪ್ಪು ಇನ್ನೆರಡು ಕುಡಿ ಹಾಕಿ ನೋಡ್ತೀನಿ.